ಗೋವಿಂದರಾಜನ ಮಾರಿ ನೋಡಲು ಬಂದವರು

ಗೋವಿಂದರಾಜನ ಕಿಡ್ನಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡು ಬಿಪಿ ಅಟ್ಟ ಹತ್ತಿ ಕೂತಿತ್ತು. ಕಾಲಿನಿಂದ ನರ ತೆಗೆದು ಅಲ್ಲಿಗೆ ಜೋಡಿಸಲು ಹುಬ್ಬಳ್ಳಿಯ ದೊಡ್ಡ ಡಾಕ್ಟರು ಗಂಗಾವತಿಯ ಆಸ್ಪತ್ರೆಗೆ ಬಂದಿದ್ದರು. ಅವರು ಬರುವುದು ತಿಂಗಳಿಗೊಮ್ಮೆ. ಮಧ್ಯಾಹ್ನದೊಳಗೆ ಬಿಪಿ ಇಳಿದರೆ ಆಪರೇಶನ್, ಇಲ್ಲದಿದ್ದರೆ ಮುಂದಿನ ತಿಂಗಳು. ಶಾಂತವಾಗಿರಿ ಎಂದು ಹೇಳಿ ಹೋದರು.

ಹೆಂಡತಿ ಶೈಲಜಾ ಔಷಧಿ ತರಲು ಹೊರಗೆ ಹೋದದ್ದೇ ತಡ, ಹನುಮಸಾಗರದಿಂದ ಅವಳ ತಮ್ಮ ಅಮರಪ್ಪ, ದೊಡ್ಡವ್ವ ಹೊಳಿಯಮ್ಮ, ಬೆನ್ನಿಗೆ ಒಂದು ಕ್ರೂಸರ್ ಗಾಡಿ ತುಂಬ ಬೀಗರು ಒಳಗೆ ನುಗ್ಗಿದರು.

"ನಾಳಿಗೆ ಇರ್ತೀರೋ ಇಲ್ಲೋ ಅಳಿಯಾರ, ಒಮ್ಮಿ ಮಾರಿ ನೋಡ್ಕೊಂಡು ಹೋಗೂಣು ಅಂತ ಬಂದ್ವಿ," ಎಂದಳು ಹೊಳಿಯಮ್ಮ.

ರಾತ್ರಿಯಿಂದ ಹನಿ ನೀರು ಕುಡಿಯದವನ ಮಂಚದ ಮೇಲೆಯೇ ಪೇಪರು ಹಾಸಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿಯ ಪೊಟ್ಟಣ ಬಿಚ್ಚಿದರು. ಪೈಪಿನಂಗಡಿ ಇಟ್ಟವನ ನಾಳವೇ ಕಟ್ಟಬೇಕೆ ಎಂದೊಬ್ಬ ಮರುಗಿದ. ಗೋವಿಂದರಾಜ ತಮಗೆ ಮಾರಿದ ಪೈಪೂ ಹೀಗೇ ಕಟ್ಟಿದ್ದನ್ನು ಇನ್ನೊಬ್ಬ ನೆನೆದ. ಕಾಲಿನ ನರ ಕಿಡ್ನಿಗೆ ಹಾಕಿದರೆ ಕಾಲಿಗೆ ಏನು ಹಾಕುತ್ತಾರೆಂದು ಹೊಳಿಯಮ್ಮ ಕೇಳಿದ್ದಕ್ಕೆ ತಲೆಗೊಂದು ಉತ್ತರ ಬಂತು. ತೋಳಿಗೆ ಕಟ್ಟಿದ ಬಿಪಿ ಯಂತ್ರ ಘಾಟಿಯಲ್ಲಿ ಸಿಕ್ಕಿಕೊಂಡ ಲಾರಿಯಂತೆ ಕಿರುಚಿತು.

ಗೋವಿಂದರಾಜ ಎದ್ದು ಕೂತ. "ನಾ ಇನ್ನೂ ಸತ್ತಿಲ್ಲ. ಮಣ್ಣು ಕೊಡಾಕ ಬಂದವರಂಗ ಬಂದು ಮಿರ್ಚಿ ತಿಂತೀರಲ್ಲ, ನಾಚಿಕಿ ಬರಂಗಿಲ್ಲೇನು? ನಡೀರಿ ಎಲ್ಲಾರೂ."

"ಮಾವ, ನಾ ಬಂದದ್ದು ಬ್ಯಾರೆ ಕೆಲಸಕ್ಕ..." ಅಮರಪ್ಪನ ಬಾಯಿ ತುಂಬಿತ್ತು.

"ನೀ ಮೊದಲು ನಡಿ."

ಬೀಗರು ಮುಖ ಊದಿಸಿಕೊಂಡು ಹೋದರು. ಕೋಣೆ ತಣ್ಣಗಾಯಿತು. ಮಧ್ಯಾಹ್ನದ ಹೊತ್ತಿಗೆ ಬಿಪಿ ಸಾಧು ಹಸುವಿನಂತೆ ಕೆಳಗಿಳಿದು ಮಲಗಿತು. ಡಾಕ್ಟರು ನೋಡಿ ಮೆಚ್ಚಿದರು. ಗೋವಿಂದರಾಜ ತನ್ನ ಧೈರ್ಯವನ್ನು ತಾನೇ ಮೆಚ್ಚುತ್ತಿರುವಾಗ ನರ್ಸ್ ಮುಬಾಶಿರಾ ಬಂದಳು.

"ಎಲ್ಲಾ ತಯಾರ್ ಐತ್ರಿ. ನಿಮ್ಮ ಗುಂಪಿನ ರಕ್ತ ಎಲ್ಲೂ ಸಿಗಲಿಲ್ಲ ನೋಡ್ರಿ, ಕೊಡ್ತೀನಿ ಅಂತ ಬಂದಿದ್ರಲ್ಲ ಅಮರಪ್ಪ, ಎಲ್ಲದಾರ?"

ಊರೆಲ್ಲ ಅಲೆದು ಆಗಷ್ಟೇ ಔಷಧಿ ಹಿಡಿದು ಬಂದ ಶೈಲಜಾ ಗಂಡನ ಮುಖ ನೋಡಿದಳು, ಎಲ್ಲ ತಿಳಿಯಿತು, ಫೋನು ಹಚ್ಚಿದಳು. ಗಾಡಿ ಆಗಲೇ ತಾವರಗೇರಾ ದಾಟಿತ್ತು. ಆ ಕಡೆಯ ಮಾತು ಬಹಳ ಹೊತ್ತು ನಡೆಯಿತು.

"ಬರ್ತಾನಂತ್ರಿ," ಎಂದಳು ಕೊನೆಗೆ. "ಆದ್ರ ದೊಡ್ಡವ್ವ ಅವನೊಬ್ಬನ್ನ ಕಳಸಂಗಿಲ್ಲಂತ. ಮಾರಿ ನೋಡೂದು ಅರ್ಧಕ್ಕ ನಿಂತೈತಂತ. ಎಲ್ಲಾರೂ ಗಾಡಿ ತಿರುಗಿಸ್ಯಾರ. ಮೊದಲಿನವು ತಣ್ಣಗಾಗ್ಯಾವು ಅಂತ ಮಿರ್ಚಿನೂ ಬ್ಯಾರೆ ಕಟ್ಟಿಸ್ಕೊಂಡಾರ."

ಗೋವಿಂದರಾಜನ ಪರವಾಗಿ ತೋಳಿನ ಯಂತ್ರವೇ ಕಿರುಚತೊಡಗಿತು.