ಹಾಡು ನಿಂತಾಗ ಎತ್ತಿದ ಕಾಲಿನ ಬಗ್ಗೆ

ನಿಸ್ತಂತು ಸಂಗೀತ ಪ್ರಸರಣ ವಿಭಾಗ
(ಕೆಳಮನೆ, ಹಜಾರದ ಬಲಮೂಲೆ), ಬಸವನಗುಡಿ, ಬೆಂಗಳೂರು

ಸಂಖ್ಯೆ: ನಿಸಂಪ್ರ/ಮಹಡಿ/ಕಾಲು/07/2008
ದಿನಾಂಕ: 17-11-2008

ವಿಷಯ: ಕೆಳಮನೆಯ ಕಂಪ್ಯೂಟರಿನಿಂದ ಮಹಡಿಯ ನೃತ್ಯ ತರಗತಿಯ ಸ್ಪೀಕರಿಗೆ ತಂತಿಯಿಲ್ಲದೆ ಹೋಗುವ ಹಾಡು ದಾರಿಯಲ್ಲೇ ನಿಲ್ಲುತ್ತಿರುವ ಬಗ್ಗೆ.

ಉಲ್ಲೇಖ: 1) ನೃತ್ಯ ಶಿಕ್ಷಕಿ ಹಾಗೂ ಮನೆಯ ಹಿರಿಯ ಸೊಸೆ ಶ್ರೀಮತಿ ಪ್ರೇಮಲತಾ ಅವರು ಮೆಟ್ಟಿಲ ಮೇಲಿನಿಂದ ಕೂಗಿ ಸಲ್ಲಿಸಿದ ದೂರು.
2) ವಿದ್ಯಾರ್ಥಿನಿಯೊಬ್ಬಳ ತಾಯಿ ಶ್ರೀಮತಿ ಕುಸುಮಾ ಅವರು ಗೇಟಿನ ಬಳಿ ನೀಡಿದ ಎಚ್ಚರಿಕೆ.

ದಿನಾಂಕ 16-11-2008ರ ಭಾನುವಾರ ಬೆಳಿಗ್ಗೆ 10.20ಕ್ಕೆ ಮಹಡಿಯಲ್ಲಿ ಹಾಡು ನಿಂತಿತು. ಆಗ ಹನ್ನೊಂದು ಮಕ್ಕಳು ಬಲಗಾಲು ಎತ್ತಿದ್ದರು. ಇಂಥ ಸಂದರ್ಭದಲ್ಲಿ ಕಾಲು ಇಳಿಸಬೇಕೋ ಬೇಡವೋ ಎಂಬ ಬಗ್ಗೆ ನಿಯಮವಿಲ್ಲದ ಕಾರಣ ಒಂಬತ್ತು ಮಕ್ಕಳು ಇಳಿಸಿದರು, ಒಂದು ಮಗು ಬಿದ್ದಿತು, ಕುಸುಮಾ ಅವರ ಮಗಳು ಇಳಿಸಲೇ ಇಲ್ಲ. ಉಲ್ಲೇಖ (2)ರ ಎಚ್ಚರಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: “ಮೇಡಂ, ಮಗು ಒಂಟಿ ಕಾಲಲ್ಲಿ ನಿಂತೂ ನಿಂತೂ ಕೊಕ್ಕರೆ ಆಗೋಯ್ತು. ಬರೋ ಭಾನುವಾರನೂ ಹಿಂಗೇ ಆದ್ರೆ ಹನುಮಂತನಗರದ ಕ್ಲಾಸಿಗೆ ಹಾಕ್ಬಿಡ್ತೀನಿ. ಅಲ್ಲಿ ಇವೆಲ್ಲ ಏನಿಲ್ಲ, ಟೇಪ್ ರೆಕಾರ್ಡರ್ ಇದೆ.” ಸ್ಥಳದಲ್ಲಿದ್ದ ಉಳಿದ ತಾಯಂದಿರೂ ತಲೆಯಾಡಿಸಿರುತ್ತಾರೆ. ಪ್ರೇಮಲತಾ ಅವರು ಎಂಟು ವರ್ಷಗಳಿಂದ ನಡೆಸುತ್ತಿರುವ ತರಗತಿ ಮುಚ್ಚಿಹೋಗುವ ಸಂಭವವಿರುವುದರಿಂದ, 23ರ ಭಾನುವಾರದ ತಾಲೀಮಿಗೆ ಮುನ್ನ ಕೆಳಕಂಡಂತೆ ನಡೆದುಕೊಳ್ಳಲು ಮನೆಮಂದಿಗೆ ಈ ಮೂಲಕ ಸೂಚಿಸಲಾಗಿದೆ.

1. ಕಂಪ್ಯೂಟರನ್ನು ಹತ್ತು ನಿಮಿಷ ಯಾರೂ ಮುಟ್ಟದಿದ್ದರೆ ಅದು ನಿದ್ರೆಗೆ ಜಾರುವುದು ಕಂಡುಬಂದಿದೆ. ಇದನ್ನು ತಪ್ಪಿಸುವ ವಿಧಾನ ಬಲ್ಲವರು ಈ ವ್ಯವಸ್ಥೆಯನ್ನು ಸ್ಥಾಪಿಸಿದ ಗೋಕುಲ್ (ಪ್ರೇಮಲತಾ ಅವರ ಮೈದುನ) ಒಬ್ಬರೇ. ಭಾನುವಾರ ಆ ಹೊತ್ತಿಗೆ ಅವರೂ ನಿದ್ರೆಯಲ್ಲಿರುವುದರಿಂದ, ಉಳಿದವರು ಸರದಿಯಂತೆ ಕುಳಿತು ಮೌಸ್ ಅಲ್ಲಾಡಿಸತಕ್ಕದ್ದು. ಅಲ್ಲಾಡಿಸುವವರು ಇಸ್ಪೀಟು ಆಟ ತೆರೆಯತಕ್ಕದ್ದಲ್ಲ.

2. ಒದ್ದೆ ಬಟ್ಟೆ ಅಲೆಗಳನ್ನು ಹೀರಿಕೊಳ್ಳುವುದರಿಂದ ಮೆಟ್ಟಿಲ ಬಳಿಯ ಹಗ್ಗದಲ್ಲಿ ಸೀರೆ ಒಣಹಾಕುವುದನ್ನು ನಿಷೇಧಿಸಲಾಗಿದೆ. ಪಂಚೆಗೆ ವಿನಾಯಿತಿ ಕೋರಿದ ಮನವಿಯನ್ನು ತಿರಸ್ಕರಿಸಲಾಗಿದೆ. ಕರ್ಚೀಫಿನ ವಿಷಯ ಪರಿಶೀಲನೆಯಲ್ಲಿದೆ.

3. ಕಾರ್ಡ್‌ಲೆಸ್ ಫೋನು ಬಂದಾಗಲೆಲ್ಲ ಹಾಡು ಗೊರಗೊರ ಎನ್ನುತ್ತದೆ. ಭಾನುವಾರ ಹತ್ತರಿಂದ ಹನ್ನೆರಡರವರೆಗೆ ಫೋನ್ ಮಾಡಬಾರದೆಂದು ನೆಂಟರಿಷ್ಟರಿಗೆಲ್ಲ ಫೋನ್ ಮಾಡಿ ತಿಳಿಸತಕ್ಕದ್ದು. ತುರ್ತು ಸುದ್ದಿಯಿದ್ದವರು ಹನ್ನೆರಡರ ನಂತರ ತುರ್ತಾಗಿ ತಿಳಿಸಬಹುದು.

4. ಹಾಡು ನಿಂತ ಕೂಡಲೇ ಮಕ್ಕಳು ಎತ್ತಿದ ಕಾಲನ್ನು ಎಂಟು ಎಣಿಸುವವರೆಗೆ ಎತ್ತಿಯೇ ಇರತಕ್ಕದ್ದು, ಆನಂತರ ಇಳಿಸಬಹುದು. ಹಾಡು ಮರಳಿದಾಗ ಇಳಿಸಿದ ಕಾಲನ್ನೇ ಎತ್ತತಕ್ಕದ್ದು. ಎರಡನ್ನೂ ಎತ್ತಿದಲ್ಲಿ ಮುಂದಿನದಕ್ಕೆ ವಿಭಾಗ ಹೊಣೆಯಲ್ಲ. ಆ ವೇಳೆ ನಗುವಿನ ಅಭಿನಯದಲ್ಲಿದ್ದವರು ನಗುತ್ತಲೇ ಇರತಕ್ಕದ್ದು. ಕೋಪದ ಅಭಿನಯದಲ್ಲಿದ್ದವರು ಕೆಳಮನೆಯ ಕಡೆ ನೋಡತಕ್ಕದ್ದಲ್ಲ.

5. ಕ್ಯಾಸೆಟ್ಟುಗಳ ಹಾಡನ್ನೆಲ್ಲ ಕಂಪ್ಯೂಟರಿಗೆ ತುಂಬಿದ ಮರುದಿನವೇ ನಮ್ಮ ಟೇಪ್ ರೆಕಾರ್ಡರನ್ನು ಹಳೆಯದಕ್ಕೆ ಹೊಸದು ಕೊಡುವ ಅಂಗಡಿಗೆ ಗೋಕುಲ್ ಒಪ್ಪಿಸಿರುತ್ತಾರೆ. ಊಟದ ಹೊತ್ತಿನಲ್ಲಿ ಅದನ್ನು ಯಾರೂ ನೆನೆಯತಕ್ಕದ್ದಲ್ಲ.

6. ಹಾಡನ್ನು ಗಾಳಿಗೆ ಬಿಡುವ ರೌಟರ್ ಎಂಬ ಪೆಟ್ಟಿಗೆಯು ಗೋಕುಲ್ ಅವರ ತಾಯಿ ಶ್ರೀಮತಿ ಲಕ್ಕಮ್ಮನವರ ಕಬ್ಬಿಣದ ಬೀರುವಿನೊಳಗೆ, ರೇಷ್ಮೆ ಸೀರೆಗಳ ನಡುವೆ, ಬೀಗದಲ್ಲಿರುತ್ತದೆ. ತಂತಿಗಳಿಗೆಂದು ಬೀರುವಿನ ಬೆನ್ನಿಗೆ ಅಂಗೈಯಗಲ ತೂತು ಕೊರೆಸಲಾಗಿದೆ. ಕಬ್ಬಿಣವು ಅಲೆಗಳನ್ನು ತಡೆಯುತ್ತದೆ ಎಂದು ಗೋಕುಲ್ ನಿವೇದಿಸಿಕೊಂಡಾಗ ಲಕ್ಕಮ್ಮನವರು ನೀಡಿದ ಹೇಳಿಕೆ: “ಗೋಡೆ ತೂರ್ಕೊಂಡು ಹೋಗುತ್ತೆ ಅಂತ ನೀನೇ ಕುಣಿದ್ಯಲ್ಲೋ? ಅಷ್ಟು ದಪ್ಪ ಗೋಡೆ ತೂರೋದಕ್ಕೆ ಈ ತಗಡಿನ ಬಾಗ್ಲು ಯಾವ ಲೆಕ್ಕ? ಬೆಲೆ ಬಾಳೋ ಸಾಮಾನು, ಕಂಡೋರ ಕಣ್ಣಿಗೆ ಬೀಳೋ ಹಂಗೆ ಇಡಲ್ಲ.” ಈ ವಾದದಲ್ಲಿ ಲೋಪವೇನೂ ಕಂಡುಬಂದಿಲ್ಲ. ಆದಕಾರಣ ರೌಟರನ್ನು ಹೊರತೆಗೆಯುವ ವಿಷಯವು ಈ ಸುತ್ತೋಲೆಯ ವ್ಯಾಪ್ತಿಗೆ ಬರುವುದಿಲ್ಲ.

7. ಬದಲಿಗೆ, ತರಗತಿಯ ವೇಳೆ ಬೀರುವಿನ ಬಾಗಿಲನ್ನು ನಾಲ್ಕು ಬೆರಳಿನಷ್ಟು ತೆರೆದಿಡಲು ಕೋರಲಾಗಿದೆ. ಶುಕ್ರವಾರದ ತರಗತಿಗೂ ಬೀರು ತೆರೆದಿಟ್ಟರೆ ಲಕ್ಷ್ಮಿ ಹೊರಟುಹೋಗುತ್ತಾಳೆಂಬ ಆಕ್ಷೇಪಣೆಯನ್ನು ಮಾನ್ಯ ಮಾಡಲಾಗಿದೆ. ಅಂದು ಹಾಡು ಮಾತ್ರ ಹೊರಬರುವಷ್ಟು, ಎಂದರೆ ಒಂದೇ ಬೆರಳಿನಷ್ಟು, ತೆರೆಯತಕ್ಕದ್ದು. ಬೆರಳು ಯಾರದಿರಬೇಕು ಎಂಬ ಬಗ್ಗೆ ಪ್ರತ್ಯೇಕ ಆದೇಶ ಹೊರಡಿಸಲಾಗುವುದು.

ಸಹಿ/-
(ಅಶ್ವತ್ಥಪ್ಪ)
ಪ್ರಭಾರ ಮುಖ್ಯಸ್ಥರು ಹಾಗೂ ಪ್ರೇಮಲತಾ ಅವರ ಪತಿ

ಪ್ರತಿಗಳು:
1. ಶ್ರೀಮತಿ ಲಕ್ಕಮ್ಮ: ಕನ್ನಡಕ ಸಿಗದ ಕಾರಣ ಓದಿ ಹೇಳಲಾಗುವುದು.
2. ಶ್ರೀ ಗೋಕುಲ್: ಎದ್ದ ನಂತರ.
3. ಶ್ರೀಮತಿ ಕುಸುಮಾ: ದಯವಿಟ್ಟು ಒಂದು ವಾರ ತಡೆಯುವಂತೆ ಕೋರಿ.
4. ಪಕ್ಕದ ಮನೆಯ ಶ್ರೀ ಶ್ರೀನಿವಾಸಯ್ಯ: ಬೀರುವಿನ ತೂತು ಅವರ ಮನೆಯ ಕಡೆಗಿದ್ದು, ನಮ್ಮ ಹಾಡುಗಳು ಅವರ ಕಂಪ್ಯೂಟರಿನಲ್ಲಿ ತಡೆಯಿಲ್ಲದೆ ಕೇಳಿಸುತ್ತಿರುವ ಬಗ್ಗೆ ವಿವರಣೆ ಕೋರಿ.
5. ಕಚೇರಿ ಪ್ರತಿ: ಫ್ರಿಜ್ಜಿನ ಬಾಗಿಲು.

ಷರಾ (24-11-2008):

ಸುತ್ತೋಲೆಯನ್ನು ಓದಿ ಹೇಳಿದಾಗ ಲಕ್ಕಮ್ಮನವರು ಕ್ರಮಸಂಖ್ಯೆ 7ನ್ನು ಸಾರಾಸಗಟಾಗಿ ತಳ್ಳಿಹಾಕಿದರು. “ಬಾಗ್ಲು ತೆಗ್ಯೋ ಮಾತೇ ಇಲ್ಲ. ನಮ್ಮ ಪ್ರೇಮನ ಕ್ಲಾಸು ನಿಲ್ಲೋ ಹಂಗೂ ಇಲ್ಲ. ಹಾಡಿಗೆ ಮೆಟ್ಲು ಹತ್ತೋಕಾಗ್ದಿದ್ರೆ ಬೀರುನೇ ಹತ್ತಿಸ್ರೋ” ಎಂದು ಅವರು ಆದೇಶಿಸಿದ ಮೇರೆಗೆ, ಶನಿವಾರ ತರಗುಪೇಟೆಯ ಆರು ಮಂದಿ ಹಮಾಲಿಗಳು ಬೀರುವನ್ನು ಬೀಗ ಹಾಕಿದಂತೆಯೇ, ಸೀರೆಗಳ ಸಮೇತ, ಮಹಡಿಗೆ ಸಾಗಿಸಿ, ಬೆನ್ನಿನ ತೂತು ಸ್ಪೀಕರಿನ ಕಡೆಗಿರುವಂತೆ ಅದರ ಪಕ್ಕ ನಿಲ್ಲಿಸಿದರು. ಕಂಪ್ಯೂಟರಿನಿಂದ ಬೀರುವಿನವರೆಗೆ ಮೆಟ್ಟಿಲುದ್ದಕ್ಕೂ ತಂತಿ ಎಳೆಯಲಾಯಿತು. ನಿಸ್ತಂತು ವಿಭಾಗದ ಹೆಸರಿನಲ್ಲಿ ಬದಲಾವಣೆ ಇರುವುದಿಲ್ಲ.

ಭಾನುವಾರದ ತಾಲೀಮಿನಲ್ಲಿ ಲಕ್ಕಮ್ಮನವರು ಬೀರುವಿನ ಕಾವಲಿಗೆಂದು ಕುರ್ಚಿ ಹಾಕಿಸಿಕೊಂಡು ಕುಳಿತಿದ್ದು, “ಏಯ್ ಹಿಂದಿನ ಸಾಲಿನ ಪುಟ್ಟಿ, ಇನ್ನೂ ಮೇಲಕ್ಕೆತ್ತೇ ಕಾಲು, ಬೆಳಿಗ್ಗೆ ತಿಂಡಿ ತಿಂದಿಲ್ವೇನೇ?” ಎಂಬಿತ್ಯಾದಿ ಸೂಚನೆಗಳನ್ನು ನೀಡಿದರು. ಹಾಡು ಒಮ್ಮೆಯೂ ನಿಲ್ಲಲಿಲ್ಲ. ತಾಲೀಮು ಮುಗಿದ ಮೇಲೆ ಕುಸುಮಾ ಅವರು ತಮ್ಮ ಕಿರಿಯ ಮಗಳನ್ನೂ ತರಗತಿಗೆ ಸೇರಿಸಿದರು.