ನಮ್ಮ ಮಾಮಾನ ವಾಚನಾಲಯದ ತಾಲೀಮು

ನಮ್ಮ ಸೋದರಮಾವನಷ್ಟು ಪುಕ್ಕಲ ಮನುಷ್ಯ ನಿಜಾಮರ ಇಡೀ ಸೀಮೆಯಲ್ಲಿ ಇನ್ನೊಬ್ಬ ಇರಲಿಲ್ಲ! ಈ ಮಾತನ್ನು ನಾನು ಅವನ ಎದುರಿಗೇ ಹೇಳುತ್ತಿದ್ದೆ. "ಖರೇ ಐತಿ, ಆದ್ರ ಸಣ್ಣ ದನಿಲೆ ಹೇಳು, ಯಾರರ ಕೇಳ್ಯಾರು" ಎನ್ನುತ್ತಿದ್ದ. ಬೆಕ್ಕು ಅಡ್ಡ ಬಂದರೆ ಮನೆಗೆ ಮರಳುವವರನ್ನು ನೀವು ನೋಡಿರುತ್ತೀರಿ. "ದಿನಾ ಬರೋ ಬೆಕ್ಕು ಇವತ್ತ್ಯಾಕ ಬರ್ಲಿಲ್ಲ?" ಎಂದು ಮನೆಗೆ ಮರಳುವವನನ್ನು ನೋಡಿದ್ದೀರಾ? ಇಂಥವನು ಕುಷ್ಟಗಿಯಲ್ಲಿ ಕನ್ನಡ ವಾಚನಾಲಯ ತೆರೆದು, ನನ್ನಂಥ ಐದಾರು ಮಂದಿ ನಿರುದ್ಯೋಗಿಗಳನ್ನು ಸ್ವಯಂಸೇವಕರೆಂದು ಕೂಡಿಹಾಕಿದ್ದ ಎಂದರೆ ನಂಬುತ್ತೀರಾ?

ಅದು ಯುದ್ಧದ ಕಾಲ. ವಾಚನಾಲಯವೆಂದರೆ ಹತ್ತಿ ವ್ಯಾಪಾರಿಯೊಬ್ಬರು ಬಿಟ್ಟುಕೊಟ್ಟ ಹಳೆಯ ಗೋದಾಮು, ಎರಡು ಕಪಾಟು ಪುಸ್ತಕ, ಹುಬ್ಬಳ್ಳಿ ಕಡೆಯಿಂದ ಮೋಟರು ಬಸ್ಸಿನಲ್ಲಿ ತಡವಾಗಿ ಬಂದು ಸೇರುವ ಪತ್ರಿಕೆ. ಇಷ್ಟಕ್ಕೂ ಸರಕಾರದ ಪರವಾನಗಿ ಬೇಕಿತ್ತು. ಓದಬಹುದು, ಸಭೆ ಕೂಡಬಾರದು, ಭಾಷಣ ಮಾಡಬಾರದು. ತಪ್ಪಿದರೆ ಬಾಗಿಲಿಗೆ ಸರಕಾರಿ ಬೀಗ, ನಡೆಸುವವರಿಗೆ ರಾಯಚೂರಿನ ಜೈಲು. ಸುತ್ತಲಿನ ಹಳ್ಳಿಯವರಿಗೆ ಕನ್ನಡದ ಪತ್ರಿಕೆ ಕಾಣಸಿಗುತ್ತಿದ್ದುದು ಅಲ್ಲಿ ಮಾತ್ರ. ಹಾಗಾಗಿ ಬೀಗದ ಭಯ ನಮಗೂ ಇತ್ತು. ಮಾಮಾನಿಗಂತೂ ಅದು ಊಟದ ತಾಟಿನಲ್ಲೇ ಕಾಣುತ್ತಿತ್ತು! ತುತ್ತು ಎತ್ತಿದವನು ಅಲ್ಲಿಗೇ ನಿಲ್ಲಿಸಿ, "ನಾಳೆ ನನ್ನ ಹಿಡಕೊಂಡು ಹ್ವಾದ್ರ ವಾಚನಾಲಯ ಯಾರು ನಡಸ್ತೀರಿ?" ಎಂದು ಕೇಳುತ್ತಿದ್ದ. ನಮ್ಮ ಅತ್ತಿ, ಅಂದರೆ ಅವನ ಹೆಂಡತಿ, "ಮೊದ್ಲು ಉಣ್ರಿ, ಆಮ್ಯಾಲ ಹಿಡಕೊಂಡು ಹೋಗ್ಲಿ" ಎನ್ನುತ್ತಿದ್ದಳು.

ಈ ಹೆದರಿಕೆಯಿಂದ ಹುಟ್ಟಿದ್ದೇ ತಾಲೀಮು. ಕುಸ್ತಿಗೆ ತಾಲೀಮು ಕೇಳಿದ್ದೆ, ನಾಟಕಕ್ಕೆ ತಾಲೀಮು ಕೇಳಿದ್ದೆ. ಪುಸ್ತಕ ಕೊಡಲು, ಇಸಿದುಕೊಳ್ಳಲು ತಾಲೀಮು ಉಂಟೇ? ಮಾಮಾನ ಬಳಿ ಉಂಟು! ಹೊಸದಾಗಿ ಸೇರಿದವನು ಮೊದಲಿಗೆ ಪುಸ್ತಕ ಮುಟ್ಟುವ ಹಾಗೇ ಇರಲಿಲ್ಲ. ಅವನ ಕೈಗೆ ಒಣಗಿಸಿದ ಕಟಕ ರೊಟ್ಟಿ ಕೊಡುತ್ತಿದ್ದರು. ಹಳೆಯ ಪುಸ್ತಕದ ಹಾಳೆಯೂ ಒಣಗಿದ ಸಜ್ಜಿ ರೊಟ್ಟಿಯೂ ಒಂದೇ ಜಾತಿಯವು ಎಂಬುದು ಮಾಮಾನ ಸಿದ್ಧಾಂತ. ರೊಟ್ಟಿಗಳ ಅಟ್ಟಿ ಹೊತ್ತು ಮನೆಯಿಂದ ವಾಚನಾಲಯಕ್ಕೆ ಹೋಗಬೇಕು, ಒಂದೊಂದಾಗಿ ಮಗುಚಬೇಕು, ಮತ್ತೆ ಅಟ್ಟಿ ಕಟ್ಟಿ ಮನೆಗೆ ತರಬೇಕು. ಒಂದೂ ಮುರಿಯಬಾರದು. ಮುರಿದದ್ದನ್ನು ಮುರಿದವನೇ ತಿನ್ನಬೇಕು, ಅದೇ ಶಿಕ್ಷೆ!

ತಾವರಗೇರಾದ ಗೆಳೆಯನೊಬ್ಬ ನಮ್ಮ ಜೊತೆಗಿದ್ದ. ತಿಂಗಳಾದರೂ ಅವನಿಗೆ ಈ ವಿದ್ಯೆ ಹತ್ತಲೇ ಇಲ್ಲ. ದಿನವೂ ಮುರಿಯುತ್ತಿದ್ದ, ದಿನವೂ ಶಿಕ್ಷೆ ಅನುಭವಿಸುತ್ತಿದ್ದ. ಕೊನೆಗೊಂದು ದಿನ ಶಿಕ್ಷೆಗೆ ಶೇಂಗಾ ಚಟ್ನಿ ಕೇಳಿ ಸಿಕ್ಕಿಬಿದ್ದ. "ರೊಟ್ಟಿ ಬಡ್ಯಾಕ ನಾ, ಮುರ್ಯಾಕ ನಿಮ್ಮ ಸಂಸ್ಥೆ!" ಎಂದು ಅತ್ತಿ ಹಂಚು ಕೆಳಗಿಟ್ಟುಬಿಟ್ಟಳು.

ರೊಟ್ಟಿಯ ತಾಲೀಮು ಮುಗಿದರೆ ಕೂರಿಸುವ ತಾಲೀಮು. ಸಭೆ ಎಂದರೇನು ಎಂದು ಮಾಮಾ ಬಹಳ ಯೋಚಿಸಿ ಕಂಡುಕೊಂಡಿದ್ದ. ಎಲ್ಲರ ಮುಖ ಒಂದೇ ಕಡೆಗಿದ್ದರೆ ಅದು ಸಭೆ! ಆದ್ದರಿಂದ ನಮ್ಮ ವಾಚನಾಲಯದಲ್ಲಿ ಒಬ್ಬನ ಮುಖ ಬಾಗಿಲಿಗೆ, ಒಬ್ಬನದು ಕಪಾಟಿಗೆ, ಇನ್ನೊಬ್ಬನದು ಮೂಲೆಗೆ. ಬಂದವರನ್ನು ಹೀಗೆ ತಿರುಗಿಸಿ ಕೂರಿಸುವುದೇ ನಮ್ಮ ಮುಖ್ಯ ಕೆಲಸ.

"ಗ್ವಾಡಿ ನೋಡ್ಕೊಂತ ಓದ್ಬೇಕೇನ್ರಿ?" ಎಂದು ಒಬ್ಬ ರೈತ ಕೇಳಿದ.

"ಹೌದ್ರಿ ಯಜಮಾನ್ರ, ಕಾಯ್ದೆ ಐತಿ."

"ನಾ ಏನ್ ತಪ್ಪು ಮಾಡೇನ್ರಿ?" ಪಾಪ, ಅವನಿಗೆ ಸಾಲಿಯ ಮಾಸ್ತರರ ನೆನಪಾಗಿರಬೇಕು.

ಓದಲು ಬಾರದವರಿಗೆ ನಾವು ಪತ್ರಿಕೆ ಓದಿ ಹೇಳುತ್ತಿದ್ದೆವು. ಅದಕ್ಕೂ ಕಟ್ಟಳೆ. ನಿಂತು ಓದಿದರೆ ಭಾಷಣ, ಕೈ ಎತ್ತಿದರೆ ಭಾಷಣ, ದನಿ ಏರಿದರೆ ಮಹಾಭಾಷಣ! ಹೀಗಾಗಿ ಬಾಂಬು ಬಿದ್ದ ಸುದ್ದಿಯನ್ನೂ ಬೇಳೆ ಬೆಲ್ಲದ ಧಾರಣೆಯನ್ನೂ ನಾವು ಒಂದೇ ರಾಗದಲ್ಲಿ ಓದುತ್ತಿದ್ದೆವು. ಕೇಳುವವರು ಆಕಳಿಸಿದರೆ ಮಾಮಾನಿಗೆ ಸಮಾಧಾನ.

ಕಡೆಯ ತಾಲೀಮು ಅಮೀನ ಸಾಹೇಬರದು. ಪೊಲೀಸು ಅಮೀನರು ತಪಾಸಣೆಗೆ ಬಂದು "ಇಲ್ಲಿ ಮುಖ್ಯಸ್ಥ ಯಾರು?" ಎಂದು ಕೇಳಿದರೆ "ಯಾರೂ ಇಲ್ರಿ, ಎಲ್ಲಾರೂ ಓದಾಕ ಬಂದವ್ರು" ಎನ್ನಬೇಕು. ಅಮೀನರ ಪಾತ್ರ ಮಾಮಾನೇ ವಹಿಸುತ್ತಿದ್ದ. ರುಮಾಲು ಸುತ್ತಿ, ಕೋಲು ಹಿಡಿದು ಬಾಗಿಲಲ್ಲಿ ನಿಂತು "ಯಾರಲೇ ಮುಖ್ಯಸ್ಥ?" ಎಂದು ಗದರುತ್ತಿದ್ದ. ನಾವು ನಗು ತಡೆದುಕೊಂಡು ಉತ್ತರ ಹೇಳುವಷ್ಟರಲ್ಲಿ ತನ್ನ ದನಿಗೆ ತಾನೇ ಬೆಚ್ಚಿ ನೀರು ಕೇಳುತ್ತಿದ್ದ!

ಅಮೀನರು ನಿಜವಾಗಿಯೂ ಬಂದರು. ಒಂದು ಸಂತೆಯ ದಿನ, ವಾಚನಾಲಯ ತುಂಬಿದ್ದಾಗ. ಮಾಮಾ ಕಪಾಟಿನ ಹತ್ತಿರ ಪುಸ್ತಕದ ಧೂಳು ಒರೆಸುತ್ತಿದ್ದ. ನಾವು ಕಲಿತದ್ದರಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಲಿಲ್ಲ. ಒಬ್ಬೊಬ್ಬರ ಮುಖ ಒಂದೊಂದು ದಿಕ್ಕಿಗೆ, ನಡುವೆ ತಾವರಗೇರಾದ ಗೆಳೆಯ ಹಡಗು ಮುಳುಗಿದ ಸುದ್ದಿಯನ್ನು ಉಪ್ಪಿನ ಬೆಲೆಯಂತೆ ಓದುತ್ತಿದ್ದ.

ಅಮೀನರು ಬಾಗಿಲಲ್ಲೇ ನಿಂತರು. ಗೋಡೆ ನೋಡುತ್ತ ಕೂತವರನ್ನು ನೋಡಿದರು, ಮೂಲೆ ನೋಡುತ್ತ ಕೂತವರನ್ನು ನೋಡಿದರು. ಅವರ ಹುಬ್ಬು ಗಂಟಿಕ್ಕಿತು.

"ಏನಿದು ತಮಾಷಾ? ಓದಾವ್ರು ಹಿಂಗ ಕುಂದರ್ತಾರೇನು? ಇದರಾಗ ಏನೋ ಮಸಲತ್ತು ಐತಿ! ಇದನ್ನ ಕಲಿಸಿದಾವ ಯಾವ?"

ಈ ಪ್ರಶ್ನೆಗೆ ನಮ್ಮ ತಾಲೀಮಿನಲ್ಲಿ ಉತ್ತರವೇ ಇರಲಿಲ್ಲ. ಅಮೀನರ ಕಣ್ಣು ನನ್ನ ಮೇಲೆ, ಗೆಳೆಯನ ಮೇಲೆ, ಗೋಡೆಗೆ ಮುಖ ಹಾಕಿದ್ದ ರೈತನ ಮೇಲೆ ಹೊರಳಿತು. "ಹೇಳ್ತೀರೋ, ಎಲ್ಲಾರನೂ ಠಾಣೇಕ ನಡಸ್ಲೋ?"

"ನಾನ್ರಿ ಸಾಹೇಬ್ರ."

ಮಾಮಾ ಮುಂದೆ ಬಂದಿದ್ದ. ಧೋತರದ ಚುಂಗು ನಡುಗುತ್ತಿತ್ತು. "ಈ ಹುಡುಗ್ರದೇನೂ ತಪ್ಪಿಲ್ರಿ. ಹಿಂಗ ಕುಂದ್ರಸ್ರಿ ಅಂತ ನಾನ ಹೇಳೇನಿ. ಅದು ನನ್ನ ಹುಚ್ಚ್ರಿ, ವಾಚನಾಲಯದ್ದಲ್ಲ. ನನ್ನ ಕರಕೊಂಡು ಹೋಗ್ರಿ, ಬಾಗಿಲಾ ಮಾತ್ರ ಮುಚ್ಚಬ್ಯಾಡ್ರಿ."

ಅಮೀನರು ಅವನನ್ನು ಒಯ್ದರು. ಹೊಸ್ತಿಲು ದಾಟುವಾಗ ಮಾಮಾ ನನ್ನ ಕಡೆ ತಿರುಗಿ, "ಪತ್ರಿಕಿ ಬರೋ ಹೊತ್ತಾತು, ಯಾರರ ಮೋಟರ್ ಕಡೆ ಹೋಗ್ರಪಾ" ಎಂದ. ನಾನು ಅಳುತ್ತಲೇ ಓಡಿದೆ.

ಬೀಗ ಬೀಳಲಿಲ್ಲ. ಮಾಮಾನನ್ನು ಮಾತ್ರ ರಾಯಚೂರಿಗೆ ಸಾಗಿಸಿದರು. ಈಗ ಪ್ರತಿದಿನ ಬಾಗಿಲು ತೆರೆಯುವವನು ನಾನು. ಅಮೀನರು ಇವತ್ತು ಬರುತ್ತಾರೋ, ನಾಳೆ ಬರುತ್ತಾರೋ ಎಂಬ ಕಳವಳದಲ್ಲಿ ಮಾಮಾನ ಹಾಗೆ ನಾನೂ ಎತ್ತಿದ ತುತ್ತನ್ನು ಅಲ್ಲಿಗೇ ನಿಲ್ಲಿಸುತ್ತಿದ್ದೆ. ಇಷ್ಟು ವರ್ಷ ಮಾಮಾ ಈ ಭಯದ ಜೊತೆಗೇ ಬಾಳಿದ್ದ, ಆದರೂ ಒಂದು ದಿನವೂ ಬಾಗಿಲು ತೆರೆಯದೆ ಬಿಟ್ಟಿರಲಿಲ್ಲ. ನಾವು ನಕ್ಕದ್ದು ಎಂಥ ಧೈರ್ಯವಂತನನ್ನು ನೋಡಿ!

ಜೋಳದ ಸುಗ್ಗಿಯ ಹೊತ್ತಿಗೆ ಅವನನ್ನು ಬಿಟ್ಟರು. ಮೋಟರಿನಿಂದ ಇಳಿದವನು ಮನೆಗೂ ಹೋಗದೆ ನೆಟ್ಟಗೆ ವಾಚನಾಲಯದ ಹೊರಗಿನ ಕಟ್ಟೆಗೆ ಬಂದು ಕೂತ. ಗಡ್ಡ ಬೆಳೆದಿತ್ತು, ಅರ್ಧ ಇಳಿದುಹೋಗಿದ್ದ. ನಾನು ಓಡಿಬಂದು ಕೈ ಹಿಡಿದೆ.

"ಒಳಗ ಬಾ ಮಾಮಾ."

"ಇರ್ಲಿ ಬಿಡೋ, ಸ್ವಲ್ಪ ದಮ್ಮು ತಗೊಳ್ತೀನಿ."

ಅಷ್ಟರಲ್ಲಿ ಒಳಗಿನಿಂದ ಯಾರೋ ಕೂಗಿದರು. "ಒಂದು ಪುಸ್ತಕ ಬೇಕಾಗಿತ್ರಿ, ಯಾರರ ಬರ್ರಿ!"

ಮಾಮಾ ದಡಬಡಿಸಿ ಎದ್ದ. ಎರಡು ಹೆಜ್ಜೆ ಇಟ್ಟು ಗಕ್ಕನೆ ನಿಂತ. ಬಾಗಿಲೊಳಗೆ ಇಣುಕಿದ, ನನ್ನ ಮುಖ ನೋಡಿದ, ಮೆಲ್ಲಗೆ ಹಿಂದೆ ಸರಿದು ಮತ್ತೆ ಕಟ್ಟೆಯ ಮೇಲೆ ಕೂತ. ಕಣ್ಣಲ್ಲಿ ನೀರು ತುಂಬಿತ್ತು.

"ಹೋಗಪಾ," ಎಂದ, "ನಿನ್ನ ಕರ್ಯಾಕತ್ತಾರ."