ಸೋಪ್ ಹಚ್ಚಿಕೊಂಡವರೆಲ್ಲ ನಟರಲ್ಲ

ನನ್ನ ಲೆಕ್ಕದಲ್ಲಿ ಅಪಾರ್ಟ್‌ಮೆಂಟ್ ಎಂದರೆ ಗಂಡಸರೂ ಇರುವ ಹಾಸ್ಟೆಲ್, ಅಷ್ಟೇ. ಕುರುಗೋಡಿನ ಒಂದು ಖಾಸಗಿ ಹುಡುಗಿಯರ ಹಾಸ್ಟೆಲ್ಲಿಗೆ ನಾನು ಬಹಳ ವರ್ಷ ವಾರ್ಡನ್ ಆಗಿದ್ದವಳು. ಕೆಟ್ಟ ಮೋಟಾರು, ಕಟ್ಟಿಕೊಂಡ ಮೋರಿ, ಬಿಸಿನೀರಿಗಾಗಿ ಜಡೆ ಹಿಡಿದು ಜಗಳಾಡುವ ಹುಡುಗಿಯರು, ಎಲ್ಲವನ್ನೂ ಕಂಡಿದ್ದೆ. ಹಾಗಾಗಿ ಬಳ್ಳಾರಿಯ ಅಪಾರ್ಟ್‌ಮೆಂಟ್ ಒಂದಕ್ಕೆ ಮ್ಯಾನೇಜರ್ ಬೇಕು, ಕೆಲಸ ಕೊಡುವ ಮುಂಚೆ ಕೌಶಲ ಪರೀಕ್ಷೆ ಮಾಡುತ್ತಾರೆ ಎಂದು ಕೇಳಿದಾಗ ನನಗೆ ಮರುಕವೇ ಹುಟ್ಟಿತು. ಪರೀಕ್ಷೆ ಮಾಡುವವರ ಮೇಲೆ.

ಕೆಲಸ ನನಗೆ ಬೇಕೇ ಬೇಕಿತ್ತು. ಹಾಸ್ಟೆಲ್ ಮುಚ್ಚಿಹೋಗಿ ಆ ಕಟ್ಟಡದಲ್ಲೀಗ ಒಣಮೆಣಸಿನಕಾಯಿ ಚೀಲಗಳು ವಾಸವಾಗಿದ್ದವು. ನನಗೋ ನಸುಕಿಗೆ ಎದ್ದು ಎಲ್ಲರನ್ನೂ ಎಬ್ಬಿಸುವ ಅಭ್ಯಾಸ ಬಿಟ್ಟಿರಲಿಲ್ಲ. ಎಬ್ಬಿಸಲು ಮನೆಯಲ್ಲಿ ಉಳಿದಿದ್ದವರು ಒಬ್ಬರೇ: ನಮ್ಮ ಯಜಮಾನರು, ಜೆರಾಕ್ಸ್ ಅಂಗಡಿಯ ವೀರೇಶಪ್ಪ.

"ನಾಗರತ್ನಾ, ಈ ಕೆಲಸ ಸಿಗಾಕಬೇಕು," ಎಂದರು ಅವರು. "ನಿನ್ನ ಸಲುವಾಗಿ ಅಲ್ಲ, ನನ್ನ ಸಲುವಾಗಿ. ಉಂಡ ತಾಟು ತೊಳೀಲಿಲ್ಲಂತ ನಿನ್ನೆ ನನ್ನ ಬಾಗಿಲ ಹೊರಗ ನಿಂದರ್ಸಿದಿ. ಓಣಿ ಮಂದಿ ಎಲ್ಲಾ ನೋಡಾಕತ್ತಿದ್ರು."

ನಾನು ನಕ್ಕೆ. ಆದರೆ ಅವರು ಅಂಗಡಿಗೆ ಹೋದ ಮೇಲೆ ಆ ಮನೆ ಎಷ್ಟು ಬಿಕೋ ಎನ್ನುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. ಅಷ್ಟು ಜನ "ಮೇಡಂ, ಮೇಡಂ" ಎಂದು ಹಿಂದೆ ಸುತ್ತುತ್ತಿದ್ದವಳನ್ನು ಈಗ ಕರೆಯುತ್ತಿದ್ದುದು ಕುಕ್ಕರ್ ಒಂದೇ.

ಪರೀಕ್ಷೆಯಲ್ಲಿ ಮೂರು ಭಾಗ. ಕಂಪ್ಯೂಟರಿನಲ್ಲಿ ಪ್ರಶ್ನೆಗಳಿಗೆ ಉತ್ತರಿಸುವುದು, ಕೈಯಾರೆ ಒಂದು ರಿಪೇರಿ ಮಾಡಿ ತೋರಿಸುವುದು, ಕೊನೆಯದಾಗಿ ಸಿಟ್ಟಿಗೆದ್ದ ನಿವಾಸಿಯಂತೆ ನಟಿಸುವ ಒಬ್ಬರನ್ನು ಸಮಾಧಾನ ಮಾಡುವುದು. ಈ ಕೊನೆಯದಕ್ಕೆ ಯಜಮಾನರು ಮನೆಯಲ್ಲೇ ತಾಲೀಮು ಕೊಡಲು ಮುಂದಾದರು. ಹೆಗಲಿಗೆ ಟವೆಲ್ ಹಾಕಿಕೊಂಡು ಬಾಗಿಲಲ್ಲಿ ನಿಂತು, ಕೈಮುಗಿದು ಹೇಳಿದರು:

"ಮೇಡಮ್ಮಾರ, ನಮ್ಮ ಮನಿಗೆ ನೀರು ಬರವಲ್ದು. ಏನಾರ ಮಾಡ್ರಿ."

"ಸಿಟ್ಟಿಲೆ ಹೇಳ್ರಿ."

"ನಿನ್ನ ಮುಂದ ಸಿಟ್ಟಿಲೆ ಮಾತಾಡಿ ರೂಢಿಲ್ಲ ನನಗ. ಒಮ್ಮೆಲೆ ಹೆಂಗ ಬರ್ತೈತಿ?"

ತಾಲೀಮು ಅಲ್ಲಿಗೇ ನಿಂತಿತು. ಆದರೆ ಬಸ್ ಹತ್ತಿಸುವಾಗ ಅವರು ಕಿಟಕಿಯ ಹತ್ತಿರ ಬಂದು ಒಂದು ಮಾತು ಹೇಳಿದರು. "ಅಲ್ಲಿ ಯಾರು ಬಂದು ಏನ್ ಅಂದ್ರೂ ಗಾಬರಿ ಆಗಬ್ಯಾಡ. ಎಲ್ಲಾ ನಾಟಕ ಇರ್ತೈತಿ." ಆ ದಿನದ ಸಮಸ್ತ ಅನಾಹುತಕ್ಕೂ ಈ ಉಪದೇಶವೇ ಮೂಲ ಎಂದು ನಾನು ಇಂದಿಗೂ ವಾದಿಸುತ್ತೇನೆ. ಅವರು ಒಪ್ಪುವುದಿಲ್ಲ.

ಅಪಾರ್ಟ್‌ಮೆಂಟ್ ಐದು ಅಂತಸ್ತಿನದು. ಪರೀಕ್ಷೆ ನಡೆಸಲು ಬೆಂಗಳೂರಿನ ಕಂಪನಿಯೊಂದರಿಂದ ಸ್ಫೂರ್ತಿ ಎಂಬ ಹುಡುಗಿ ಬಂದಿದ್ದಳು. ಕೈಯಲ್ಲಿ ಟ್ಯಾಬ್, ಕಣ್ಣೂ ಅದರಲ್ಲೇ. ನಿವಾಸಿಗಳ ಸಂಘದ ಕಾರ್ಯದರ್ಶಿ ಶ್ರೀನಿವಾಸಾಚಾರ್ಯರು ಬ್ಯಾಂಕಿನಿಂದ ನಿವೃತ್ತರಾದವರು, ಬಹಳ ಸಾಧು. ಬೇರೆ ಅಭ್ಯರ್ಥಿಗಳ ಪರೀಕ್ಷೆ ಆಗಲೇ ಮುಗಿದಿತ್ತು. ಕೊನೆಯವಳು ನಾನು.

ಮೊದಲ ಪರೀಕ್ಷೆಯ ಪ್ರಶ್ನೆಗಳು ಕನ್ನಡದಲ್ಲಿವೆ ಎಂದಿದ್ದರು. ಅಕ್ಷರಗಳಂತೂ ಕನ್ನಡದವೇ. "ನಲ್ಲಿಯಲ್ಲಿ ತೊಳೆಯುವವನು ಸವೆದುಹೋದರೆ ನೀವು ಏನು ಮಾಡುವಿರಿ?" ಎಂದಿತ್ತು ಮೊದಲನೆಯದು. ಕೆಳಗೆ ನಾಲ್ಕು ಉತ್ತರ: ಅವನನ್ನು ಬದಲಿಸುವೆ, ಅವನನ್ನು ಬಿಗಿಗೊಳಿಸುವೆ, ಅವನಿಗೆ ಎಣ್ಣೆ ಹಚ್ಚುವೆ, ಅವನನ್ನು ಸುತ್ತಿಗೆಯಿಂದ ಬಡಿಯುವೆ. ನಾನು ತುಂಬ ಹೊತ್ತು ಯೋಚಿಸಿದೆ. ದುಡಿದು ದುಡಿದು ಸವೆದವನನ್ನು ಬದಲಿಸುವುದು ನ್ಯಾಯವಾಗಿ ಕಾಣಲಿಲ್ಲ. ನಾನೂ ಕೆಲಸ ಕಳೆದುಕೊಂಡವಳೇ ಅಲ್ಲವೆ? ಎಣ್ಣೆ ಹಚ್ಚುವೆ ಎಂಬುದನ್ನು ಒತ್ತಿದೆ.

ಮುಂದಿನ ಪ್ರಶ್ನೆ, "ಬೀಜ ಮತ್ತು ಮಿಂಚು ಸಡಿಲವಾಗಿದ್ದರೆ ಯಾವ ಸಾಧನ ಬಳಸುವಿರಿ?" ಮಿಂಚಿನ ವಿಷಯ ಬಂದದ್ದರಿಂದ ರಬ್ಬರ್ ಕೈಗವಸು ಎಂದು ಒತ್ತಿದೆ. ಅದು ಇಂಗ್ಲಿಷಿನ ನಟ್ಟು ಬೋಲ್ಟನ್ನು ಪದಕ್ಕೆ ಪದ ಕನ್ನಡ ಮಾಡಿದ್ದು, ಹಿಂದಿನದು ವಾಷರ್ ಎಂದು ಹೊಳೆಯುವ ಹೊತ್ತಿಗೆ ಸಮಯ ಮುಗಿದು ಕಂಪ್ಯೂಟರ್ ನನಗೆ ಧನ್ಯವಾದ ಹೇಳುತ್ತಿತ್ತು.

ಎರಡನೆಯ ಪರೀಕ್ಷೆ ಮಾಳಿಗೆಯ ಮೇಲೆ. ಎದುರಿಗೆ ಕೋಟೆ ಗುಡ್ಡ ಬಿಸಿಲಿಗೆ ಕಾದು ನಿಂತಿತ್ತು, ಇತ್ತ ದೊಡ್ಡ ನೀರಿನ ಟ್ಯಾಂಕ್, ಅದರ ಬುಡದಲ್ಲಿ ಸೋರುವ ಒಂದು ನಲ್ಲಿ.

"ಮೊದಲು ಈ ನಲ್ಲಿಗೆ ಬರೋ ನೀರು ನಿಲ್ಲಿಸಿ ಮೇಡಂ. ಆಮೇಲೆ ವಾಷರ್ ಬದಲಿಸಿ," ಎಂದಳು ಸ್ಫೂರ್ತಿ, ಟ್ಯಾಬ್ ನೋಡುತ್ತಲೇ.

ನಲ್ಲಿಯ ಪಕ್ಕದಲ್ಲೇ ಒಂದು ಪುಟ್ಟ ವಾಲ್ವ್ ಇತ್ತು. ಅದು ನನ್ನ ಕಣ್ಣಿಗೆ ಬೀಳಲಿಲ್ಲ, ಏಕೆಂದರೆ ಅದರಾಚೆ ಕೆಂಪು ಬಣ್ಣದ ದೊಡ್ಡ ಚಕ್ರವೊಂದು ಕಂಡಿತ್ತು. ಹಾಸ್ಟೆಲ್ಲಿನಲ್ಲೂ ಇಂಥದ್ದೇ ಇತ್ತು. ಹಳೆಯ ಸ್ನೇಹಿತೆಯನ್ನು ಕಂಡಂತಾಗಿ ಎರಡೂ ಕೈಯಿಂದ ಹಿಡಿದು ತಿರುಗಿಸಿದೆ. ನಲ್ಲಿ ನಿಂತಿತು. ಪಾನಾ ಹಿಡಿದು ಬಿಚ್ಚಿದೆ, ವಾಷರ್ ಹಾಕಿದೆ, ತಿರುಗಿಸಿ ಕೂರಿಸಿದೆ. ಅಷ್ಟರಲ್ಲಿ ಟ್ಯಾಬ್ ಗಂಟೆ ಬಾರಿಸಿತು. "ಸಮಯ ಆಯ್ತು, ಕೆಳಗೆ ಆಫೀಸಿನಲ್ಲಿ ಕೂತ್ಕೊಳ್ಳಿ. ಯಾರಾದರೂ ಬರ್ತಾರೆ," ಎಂದಳು ಸ್ಫೂರ್ತಿ. ಕೆಂಪು ಚಕ್ರವನ್ನು ಮತ್ತೆ ತೆರೆಯುವುದು ಅವಳಿಗೂ ನೆನಪಾಗಲಿಲ್ಲ, ನನಗೂ ಆಗಲಿಲ್ಲ. ಇಬ್ಬರೂ ಲಿಫ್ಟಿನಲ್ಲಿ ಇಳಿದೆವು.

ಗೇಟಿನ ಪಕ್ಕದ ಆಫೀಸಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತೆ. ಸ್ವಲ್ಪ ಹೊತ್ತಿಗೇ ಬಂದರು ಮೂರನೇ ಅಂತಸ್ತಿನ ಗಂಗಾಧರಪ್ಪ, ಅಕ್ಕಿ ವ್ಯಾಪಾರಿ. ಹೆಸರು, ಉದ್ಯೋಗ ಎಲ್ಲ ಗೊತ್ತಾದದ್ದು ಆಮೇಲೆ. ಆಗ ಕಂಡದ್ದು ಸೊಂಟಕ್ಕೆ ಟವೆಲ್, ತಲೆಯಿಂದ ಎದೆಯವರೆಗೆ ಸೋಪಿನ ನೊರೆ, ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಸುರಿಯುತ್ತಿದ್ದ ಬೆಂಕಿ.

"ಏನ್ರಿ ಇದು, ಜಳಕದ ನಡುವ ನೀರು ಬಂದ್ ಆದ್ರ ಮನುಷ್ಯಾ ಏನ್ ಮಾಡ್ಬೇಕ್ರಿ?"

ನನಗೆ ನಿಜಕ್ಕೂ ಮೆಚ್ಚುಗೆಯಾಯಿತು. ಎಂಥ ವೇಷ! ನಮ್ಮ ಯಜಮಾನರಿಗೆ ಇದನ್ನು ತೋರಿಸಬೇಕಿತ್ತು.

"ಭಾಳ ಚಲೋ ಮಾಡಾಕತ್ತೀರಿ," ಎಂದೆ. "ಖರೇನ ಸಿಟ್ಟು ಬಂದಂಗ ಐತಿ. ಸೋಪ್ ಒಂದೀಟು ಜಾಸ್ತಿ ಆತು. ಕಣ್ಣಾಗ ಹೋದೀತು, ವರಸ್ಕೊಳ್ರಿ."

ಅವರು ಹಣೆ ಬಡಿದುಕೊಂಡರು, ನೊರೆ ಮೇಜಿನ ಮೇಲೆಲ್ಲ ಸಿಡಿಯಿತು. ಅದನ್ನೂ ಅಭಿನಯದ ಲೆಕ್ಕಕ್ಕೇ ಹಾಕಿಕೊಂಡೆ.

ಅವರ ಹಿಂದೆಯೇ ಕೋಲೂರಿಕೊಂಡು ಒಬ್ಬ ಅಜ್ಜಿ ಬಂದಳು. ಕೆಂಚನಗುಡ್ಡದವಳಂತೆ, ಮಗನ ಮನೆಗೆ ಬಂದು ನಿಂತವಳು. "ನಮ್ಮೂರಾಗ ಅಷ್ಟು ದೊಡ್ಡ ಹೊಳಿ ಹರೀತೈತಿ, ಒಬ್ಬರೂ ಅದಕ್ಕ ಬಿರಡಿ ಹಾಕಿಲ್ಲ. ಇಲ್ಲಿ ಹಾಕಾಕ ನೀ ಯಾರವ್ವಾ?" ಎಂದು ಕೋಲಿನಿಂದ ಮೇಜಿಗೆ ಬಡಿದಳು. ಈ ವಯಸ್ಸಿನವರನ್ನೂ ನಟನೆಗೆ ಕರೆಸಿದ್ದಾರಲ್ಲ ಎಂದು ನನಗೆ ಕಂಪನಿಯ ಮೇಲೆ ಬೇಸರವಾಯಿತು. ಅಜ್ಜಿಯನ್ನು ನನ್ನ ಕುರ್ಚಿಯಲ್ಲಿ ಕೂರಿಸಿದೆ. ಅಷ್ಟರಲ್ಲಿ ಇನ್ನೂ ಹಲವರು ಖಾಲಿ ಬಕೆಟ್ ಹಿಡಿದು ಒಳನುಗ್ಗಿದರು, ಅದರಲ್ಲಿ ಒಬ್ಬಾಕೆ ತೆಲುಗಿನಲ್ಲಿ ಬೈಯುತ್ತಿದ್ದಳು. ಪರೀಕ್ಷೆ ಕಠಿಣವಾಗಿದೆ ಎಂದು ನನಗೆ ಒಳಗೊಳಗೇ ಹೆಮ್ಮೆ.

"ಸಾಲಾಗಿ ನಿಂದರ್ರಿ," ಎಂದೆ, ಹಾಸ್ಟೆಲ್ಲಿನ ದನಿಯಲ್ಲಿ. "ಒಬ್ಬೊಬ್ಬರ ಹೇಳ್ರಿ. ನಡುವ ಬಾಯಿ ಹಾಕಿದೋರು ಕಡೀಗೆ ಹೋಗಬೇಕು."

ಆಶ್ಚರ್ಯವೆಂದರೆ ನಿಂತರು. ಗಂಗಾಧರಪ್ಪನವರೂ ನೊರೆಸಮೇತ ನಿಂತರು.

ಆಗ ಬಂದದ್ದು ನಿಜವಾದ ನಟ. ಇಸ್ತ್ರಿ ಅಂಗಿ, ಬಾಚಿದ ಕೂದಲು, ಮೆತ್ತಗಿನ ದನಿ. "ನಮಸ್ತೆ ಮೇಡಂ. ನನ್ನ ಪಾರ್ಕಿಂಗ್ ಜಾಗದಲ್ಲಿ ಬೇರೆಯವರ ಬಿಳಿ ಕಾರು ನಿಂತಿದೆ. ನನಗೆ ತುಂಬಾ ಕೋಪ ಬಂದಿದೆ," ಎಂದು ಪಾಠ ಒಪ್ಪಿಸಿದಂತೆ ಹೇಳಿದರು.

ಪಾಪ, ಇಷ್ಟು ನಾಟಕದವರ ನಡುವೆ ನಿಜವಾದ ಕಷ್ಟ ಇವರೊಬ್ಬರದೇ ಎನಿಸಿತು. "ನೀವೆಲ್ಲಾ ಹಿಂಗ ನಿಂತಿರ್ರಿ," ಎಂದು ಉಳಿದವರಿಗೆ ಹೇಳಿ ಅವರನ್ನು ಕರೆದುಕೊಂಡು ಪಾರ್ಕಿಂಗಿಗೆ ನಡೆದೆ. ಅವರು ದಾರಿಯುದ್ದಕ್ಕೂ "ಬೇಡ ಮೇಡಂ, ಬಾಯಲ್ಲಿ ಹೇಳಿದರೆ ಸಾಕು" ಎನ್ನುತ್ತಿದ್ದರು. ಸಂಕೋಚದ ಮನುಷ್ಯ ಎಂದುಕೊಂಡೆ.

ಬಿಳಿ ಕಾರು ಅಲ್ಲಿ ನಿಜಕ್ಕೂ ಒಂದಿತ್ತು. ಸ್ಫೂರ್ತಿಯನ್ನು ಕರೆತಂದ ಕಂಪನಿಯ ಕಾರು. ಡ್ರೈವರ್ ಗೇಟಿನ ಬಳಿ ನಿಂತಿದ್ದ.

"ಈಗಿಂದೀಗ ತೆಗೀಬೇಕು ಇದನ್ನ," ಎಂದೆ.

"ಎಲ್ಲಿ ನಿಲ್ಲಿಸ್ಲಿ ಮೇಡಂ?"

"ಎಲ್ಲಾರ ನಿಲ್ಲಸ್ರಿ. ಇಲ್ಲಿ ಬ್ಯಾಡ."

ಅವನು ಕಾರನ್ನು ಗೇಟಿಗೆ ಅಡ್ಡಲಾಗಿ ನಿಲ್ಲಿಸಿ, ಕೀಲಿ ಜೇಬಿಗೆ ಹಾಕಿಕೊಂಡು ಚಹಾ ಕುಡಿಯಲು ಹೋದ. ನಾನು ಕೈ ಕೊಡವಿಕೊಂಡು ಹಿಂತಿರುಗುವಾಗ ಶ್ರೀನಿವಾಸಾಚಾರ್ಯರು ಮೆಟ್ಟಿಲಿಳಿದು ಓಡಿ ಬರುತ್ತಿದ್ದರು. ಅಷ್ಟು ಸಾಧು ಮನುಷ್ಯರ ಮುಖ ಕೆಂಪಾಗಿತ್ತು.

"ಇಡೀ ಬಿಲ್ಡಿಂಗಿಗೆ ನೀರಿಲ್ಲ. ಟ್ಯಾಂಕರ್ ತರಿಸಿದೆ, ಅದು ಹೊರಗ ನಿಂತದ. ಯಾರೋ ಗೇಟಿಗೆ ಅಡ್ಡ ಕಾರ್ ಹಚ್ಚಿ ಹೋಗ್ಯಾರ."

ಹೊರಗೆ ಟ್ಯಾಂಕರ್ ಹಾರ್ನ್ ಹೊಡೆಯಿತು. ಆಚಾರ್ಯರು ನಟರಲ್ಲ, ಪರೀಕ್ಷೆ ಇಟ್ಟ ಸಂಘದವರೇ. ಇವರು ನೀರಿಲ್ಲ ಎಂದರೆ ನೀರಿಲ್ಲ. ನನ್ನ ಕಣ್ಣ ಮುಂದೆ ಆ ಕೆಂಪು ಚಕ್ರ ನಿಧಾನವಾಗಿ ತಿರುಗಿತು. ಆಫೀಸಿನ ಕಡೆ ನೋಡಿದೆ. ಗಂಗಾಧರಪ್ಪನವರ ನೊರೆ ಒಣಗಿ ಬಿಳಿ ಪುಡಿಯಾಗಿತ್ತು. ಹಿಂದಿನ ಗೇಟಿನಿಂದ ಹೊರಟರೆ ಕುರುಗೋಡಿನ ಬಸ್ ಸಿಕ್ಕೀತು ಎಂಬ ಯೋಚನೆ ಬಂದದ್ದೂ ಸುಳ್ಳಲ್ಲ.

ಆದರೆ ಸಾಲು ಇನ್ನೂ ನಿಂತಿತ್ತು. ನಾನೇ ನಿಲ್ಲಿಸಿದ ಸಾಲು. ಬಿಟ್ಟು ಹೋಗಲಾಗಲಿಲ್ಲ.

"ನೀರು ಬಂದ್ ಮಾಡಿದಾಕಿ ನಾನ," ಎಂದೆ ಎಲ್ಲರಿಗೂ ಕೇಳುವಂತೆ. "ನೀವೆಲ್ಲಾ ನಾಟಕ ಮಾಡಾಕತ್ತೀರಿ ಅಂತ ತಿಳ್ಕೊಂಡಿದ್ದೆ. ತಪ್ಪಾತು."

ಅಜ್ಜಿ, "ನಾಟಕಾ?" ಎಂದು ಕೇಳಿದಳು, ಸ್ವಲ್ಪ ಖುಷಿಯಾದಂತೆ. ಆಚಾರ್ಯರು ಮೇಲಕ್ಕೆ ಓಡಲು ಹೊರಟರು. "ಈಗಲೇ ತೆಗೀತೀನಿ."

"ಬ್ಯಾಡ್ರಿ ಸರ್. ಈಗಲೇ ಬ್ಯಾಡ."

ಈ ಒಂದು ಸಂಗತಿ ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು. ನೀರು ನಿಂತಾಗ ಜನ ಬಂತೇನೋ ಎಂದು ಎಲ್ಲ ನಲ್ಲಿ ತಿರುಗಿಸಿ ನೋಡುತ್ತಾರೆ, ಹಾಗೆಯೇ ತೆರೆದಿಟ್ಟು ಬೈಯಲು ಹೊರಡುತ್ತಾರೆ. ಹಾಸ್ಟೆಲ್ಲಿನಲ್ಲಿ ಒಮ್ಮೆ ಹಾಸಿಗೆಗಳೆಲ್ಲ ತೇಲಿದ್ದು ಹೀಗೆಯೇ.

"ಎಲ್ಲಾರೂ ಮನಿಗೆ ಹೋಗಿ ನಲ್ಲಿ ಬಂದ್ ಮಾಡ್ರಿ. ಮಾಡಿ ಬಾಲ್ಕನಿಗೆ ಬಂದು ನಿಂದರ್ರಿ. ನಾ ಮ್ಯಾಲಿಂದ ನಂಬರ್ ಕೂಗತೀನಿ. ಎಲ್ಲಾ ಮನಿ ಜವಾಬು ಬರೋತನಕ ನೀರು ಬಿಡಂಗಿಲ್ಲ."

ಮಾಳಿಗೆಗೆ ಹೋದೆ. ಜೊತೆಗೆ ಸ್ಫೂರ್ತಿ ಮತ್ತು ವಾಚ್‌ಮನ್ ಖಾದರಸಾಬ್. ಕಟ್ಟೆಯ ಮೇಲಿಂದ ಬಗ್ಗಿ ಒಂದೊಂದೇ ಮನೆಯ ನಂಬರ್ ಕೂಗಿದೆ. ಕೆಳಗಿನಿಂದ "ಬಂದ್ ಐತ್ರಿ", "ಆತ್ರಿ ಮೇಡಂ" ಎಂದು ಉತ್ತರ ಬರತೊಡಗಿತು. ಗಂಗಾಧರಪ್ಪನವರು ಬಿಳಿ ತಲೆ ಎತ್ತಿ "ಬಂದ್ ಮಾಡೀನಿ, ಲಗೂನ ಬಿಡ್ರಿ" ಎಂದರು. ಎಷ್ಟೋ ತಿಂಗಳ ಮೇಲೆ ನನ್ನ ದನಿ ನನಗೇ ಕೇಳಿಸಿದಂತಾಯಿತು. ಎದೆ ತುಂಬಿ ಬಂತು. ಅದನ್ನು ತೋರಿಸಿಕೊಳ್ಳುವ ಹೊತ್ತು ಅದಾಗಿರಲಿಲ್ಲ.

ಮುನ್ನೂರಾ ಎರಡರಿಂದ ಮಾತ್ರ ಉತ್ತರವಿಲ್ಲ. "ಬೀಗ ಹಾಕ್ಯಾರ," ಎಂದು ಪಕ್ಕದ ಮನೆಯವರು ಕೂಗಿದರು. "ಸಿರುಗುಪ್ಪಕ್ಕ ಮದುವಿಗೆ ಈಗರ ಹೋದ್ರು. ನೀರಿಲ್ಲಂತ ಬೈಕೋತ ಹೋದ್ರು."

ಬೈಯುತ್ತ ಹೋಗಿದ್ದಾರೆ ಎಂದರೆ ನಲ್ಲಿ ತೆರೆದೇ ಇದೆ.

"ಖಾದರಸಾಬ್, ಆ ಮನಿಗೆ ಹೋಗೋ ಪೈಪಿನ ವಾಲ್ವ್ ಗೊತ್ತೈತೇನ್ರಿ?"

"ಗೊತ್ತೈತ್ರಿ."

"ಹಂಗಾರ ನೀವ ಬಂದ್ ಮಾಡ್ರಿ. ನನ್ನ ಕೈ ಮ್ಯಾಲ ಇವತ್ತು ನನಗ ನಂಬಿಕಿಲ್ಲ."

ಅವರು ಮುಚ್ಚಿದರು. ಆಮೇಲೆ ನಾನು ಕೆಂಪು ಚಕ್ರ ತಿರುಗಿಸಿದೆ. ಪೈಪುಗಳು ಗೊರಗೊರ ಎಂದವು. ಕೆಳಗೆ ಯಾವುದೋ ಮನೆಯಲ್ಲಿ ಬಕೆಟ್ಟಿಗೆ ನೀರು ಬಿದ್ದ ಸದ್ದು, ನಂತರ ಇನ್ನೊಂದರಲ್ಲಿ. ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು. ಬಾಲ್ಕನಿಯಿಂದ ಬಾಲ್ಕನಿಗೆ ಅದು ಹಬ್ಬಿತು. ಪರೀಕ್ಷೆಯಲ್ಲಿ ಇಷ್ಟು ದೊಡ್ಡ ತಪ್ಪು ಮಾಡಿ ಚಪ್ಪಾಳೆ ಗಿಟ್ಟಿಸಿದವರು ಬಳ್ಳಾರಿಯಲ್ಲಿ ನನ್ನ ಬಿಟ್ಟು ಬೇರೆ ಯಾರೂ ಇರಲಿಕ್ಕಿಲ್ಲ.

ಸಂಜೆ ಮುನ್ನೂರಾ ಎರಡರವರು ಮರಳಿ ಬಂದು ನೋಡಿದರೆ ಬಚ್ಚಲಿನ ನಲ್ಲಿ ಪೂರ್ತಿ ತೆರೆದಿತ್ತಂತೆ. ನೆಲದ ಮೇಲೆ ರೇಷ್ಮೆ ಸೀರೆಗಳ ಗಂಟು ಒಂದು ಹನಿಯೂ ತಾಗದೆ ಹಾಗೇ ಇತ್ತಂತೆ.

ಕೆಲವು ದಿನಗಳಾದ ಮೇಲೆ ಸ್ಫೂರ್ತಿ ಫೋನ್ ಮಾಡಿದಳು. "ಮೇಡಂ, ಕಂಪ್ಯೂಟರ್ ಪರೀಕ್ಷೆಯಲ್ಲಿ ಎಲ್ಲರಿಗಿಂತ ಕೆಳಗೆ ನೀವೇ. ಆ ನಲ್ಲಿ ಇನ್ನೂ ಸೋರ್ತಾನೇ ಇದೆ. ಆದರೆ ಆಚಾರ್ಯರು ನಿವಾಸಿಗಳ ಸಭೆ ಕರೆದಿದ್ದರು. ಎಲ್ಲರೂ ನೀವೇ ಬೇಕು ಅಂದರು. ಆ ಬಿಲ್ಡಿಂಗಿನಲ್ಲಿ ಎಲ್ಲರೂ ಒಂದೇ ಮಾತು ಹೇಳಿದ್ದು ಇದೇ ಮೊದಲಂತೆ."

ಫೋನ್ ಇಟ್ಟ ಮೇಲೆ ಯಜಮಾನರು ಓಣಿಗೆಲ್ಲ ಪೇಡೆ ಹಂಚಿದರು. ಅಷ್ಟು ಸಂತೋಷ ಅವರ ಮುಖದಲ್ಲಿ ನಮ್ಮ ಮದುವೆಯ ದಿನವೂ ಇರಲಿಲ್ಲ.

ಈಗ ಆ ಅಪಾರ್ಟ್‌ಮೆಂಟಿಗೆ ನಾನೇ ಮ್ಯಾನೇಜರ್. ನಾನು ಒಂದು ಮಾತು ಹೇಳಿದರೆ ಐದೂ ಅಂತಸ್ತು ಕೇಳುತ್ತದೆ. ಕೆಂಚನಗುಡ್ಡದ ಅಜ್ಜಿ ದಿನಾ ಆಫೀಸಿಗೆ ಬಂದು, ಇವತ್ತು ನಾಟಕ ಏನಾದರೂ ಐತೇನು ಎಂದು ವಿಚಾರಿಸುತ್ತಾಳೆ. ಇಡೀ ಕಟ್ಟಡದ ಜವಾಬ್ದಾರಿ ನನ್ನದು. ಮಾಳಿಗೆಯ ಕೀಲಿ ಮಾತ್ರ ಖಾದರಸಾಬರ ಹತ್ತಿರ ಇರಬೇಕೆಂದು ಸಂಘ ಠರಾವು ಮಾಡಿದೆ. ನಾನು ಮೇಲೆ ಹೋಗಬೇಕಾದರೆ ಅವರನ್ನೇ ಕೇಳಬೇಕು.

"ಯಾಕ್ರಿ ಮೇಡಂ?" ಎನ್ನುತ್ತಾರೆ.

"ಹಪ್ಪಳ ಒಣಗ್ಸಾಕ," ಎನ್ನುತ್ತೇನೆ.

ಮರ್ಯಾದೆಯಿಂದ ಬೀಗ ತೆಗೆದುಕೊಡುತ್ತಾರೆ. ಆಮೇಲೆ ಟ್ಯಾಂಕಿನ ಬುಡದಲ್ಲಿ ಒಂದು ಸ್ಟೂಲ್ ಹಾಕಿಕೊಂಡು, ಹಪ್ಪಳ ಒಣಗುವ ತನಕ ನನ್ನ ಕೈಯನ್ನೇ ನೋಡುತ್ತ ಕೂರುತ್ತಾರೆ.